ಡೆನ್ವರಿನ ಕಡತ, ಪ್ಯಾಸಡೀನದ ಲೆಕ್ಕ

ತಂತ್ರಾಂಶವನ್ನು ರಚಿಸುವವರನ್ನು ಕುರಿತು ಲೋಕದಲ್ಲಿ ಪ್ರಚಲಿತವಾಗಿರುವ ಕಥೆಗಳಲ್ಲಿ ನಾಯಕನು ಬಹುಮಟ್ಟಿಗೆ ಏಕಾಂಗಿಯಾಗಿಯೇ ಇರುತ್ತಾನೆ: ರಾತ್ರಿಯೆಲ್ಲ ಎಚ್ಚರವಿದ್ದು, ಮುಚ್ಚಿದ ಕೋಣೆಯಲ್ಲಿ ಕುಳಿತು, ಇತರರ ಬುದ್ಧಿಗೆ ಎಟುಕದ ತೊಡಕನ್ನು ಬೆಳಗಾಗುವುದರೊಳಗೆ ಬಿಡಿಸಿಟ್ಟವನು ಅವನು. ಅಂಥ ಪ್ರತಿಭಾಶಾಲಿಗಳು ಇಲ್ಲವೆಂದಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಅವರು ಲಿನಕ್ಸಿನ ತಿರುಳನ್ನು ಒಬ್ಬರೇ ಬರೆಯತೊಡಗಿದುದು ನಿಜವೇ. ಆದರೆ ಆ ತಿರುಳು ಇಂದು ಜಗತ್ತಿನ ಅಸಂಖ್ಯ ಯಂತ್ರಗಳನ್ನು ನಡೆಸುತ್ತಿರುವುದರ ಹಿಂದೆ ಒಬ್ಬರ ಮುಖವನ್ನು ಒಬ್ಬರು ಕಾಣದ ಸಹಸ್ರಾರು ಜನರ ಶ್ರಮವಿದೆ. ಮತ್ತು ಅದೇ ಟೊರ್ವಾಲ್ಡ್ಸ್ ಅವರು 2005ರಲ್ಲಿ ರಚಿಸಿದ ಇನ್ನೊಂದು ಪ್ರಸಿದ್ಧ ಕೃತಿಯಾದ ಗಿಟ್, ಬಹುಜನರು ಬೇರೆಬೇರೆಯಾಗಿ ತಿದ್ದಿದುದನ್ನು ಒಂದರೊಳಗೊಂದು ಬೆರೆಸಿ, ಯಾರು ಯಾವಾಗ ಏನನ್ನು ಬದಲಿಸಿದರೆಂಬುದರ ಲೆಕ್ಕವನ್ನು ಇಡುವ ಸಾಧನ. ಒಂಟಿ ವೀರನ ಕಥೆಗೆ ನಿದರ್ಶನವೆಂದು ಎಲ್ಲರೂ ಬೆರಳು ಮಾಡುವ ವ್ಯಕ್ತಿಯೇ ತನ್ನ ಶಕ್ತಿಯ ದೊಡ್ಡ ಪಾಲೊಂದನ್ನು ಸಹಕಾರದ ಸಲಕರಣೆಗಾಗಿ ವ್ಯಯಿಸಬೇಕಾಯಿತೆಂದರೆ, ಆ ಉದ್ಯೋಗದ ಸ್ವಭಾವ ಎಂಥದೆಂಬುದನ್ನು ಊಹಿಸಬಹುದು.

ಸಹಕಾರವೆಂದೊಡನೆ ಮನಸ್ಸಿಗೆ ಬರುವುದು ಸೌಜನ್ಯ, ನಗುಮುಖ, ಕೂಡಿ ಊಟಕ್ಕೆ ಹೋಗುವುದು, ವರ್ಷಕ್ಕೊಮ್ಮೆ ಟೀಮಿನವರೆಲ್ಲ ರೆಸಾರ್ಟಿಗೆ ಹೋಗಿ ಹಗ್ಗ ಜಗ್ಗುವುದು. ಇವೆಲ್ಲ ಒಳ್ಳೆಯವೇ, ಮನುಷ್ಯರು ಮನುಷ್ಯರೊಡನೆ ಸ್ನೇಹದಿಂದಿರುವುದು ಯಾವ ಉದ್ಯೋಗಕ್ಕೂ ಭೂಷಣವೇ. ಆದರೆ ತಂತ್ರಾಂಶದ ಕೆಲಸ ಬೇಡುವ ಸಹಕಾರ ಇದಕ್ಕಿಂತ ಕಠಿನವಾದದ್ದು. ನನಗೆ ಗೊತ್ತಿದ್ದು ನಿನಗೆ ಗೊತ್ತಿಲ್ಲದ ಸಂಗತಿಯು, ನಿನ್ನ ಕೆಲಸಕ್ಕೆ ಅದು ಬೇಕಾಗುವ ಹೊತ್ತಿಗೆ ಸರಿಯಾಗಿ ನಿನ್ನನ್ನು ತಲುಪುವಂತೆ ಮಾಡುವುದು. ನಿನ್ನ ಮನಸ್ಸಿನಲ್ಲಿ ಮೂಡಿದ ಅಸ್ಪಷ್ಟ ಸಂದೇಹವು, ಪುರಾವೆ ಸಾಲದೆಂಬ ಕಾರಣದಿಂದ ಅಲ್ಲಿಯೇ ಅಡಗಿಹೋಗದೆ, ಉತ್ತರ ದೊರೆಯುವವರೆಗೆ ಎಲ್ಲರ ಕಣ್ಣೆದುರಿನಲ್ಲಿ ನಿಂತಿರುವಂತೆ ನೋಡಿಕೊಳ್ಳುವುದು: ಈ ಎರಡನ್ನು ನಾನು ಸಹಕಾರವೆಂದು ಕರೆಯುತ್ತೇನೆ. ಇವೆರಡೂ ತಪ್ಪಿದಾಗ ಬುದ್ಧಿವಂತರ ಶ್ರಮವೂ ಹೇಗೆ ವ್ಯರ್ಥವಾಗಬಲ್ಲುದೆಂಬುದಕ್ಕೆ ಅಮೆರಿಕದ ನಾಸಾ ಸಂಸ್ಥೆಯ ಇತಿಹಾಸದಲ್ಲಿ ಒಂದು ಪ್ರಸಂಗವಿದೆ. ಅದರ ಹೆಸರನ್ನು ಬಲ್ಲವರು ಬಹಳ ಮಂದಿ. ಅದರ ಒಳಗನ್ನು ನಿಧಾನವಾಗಿ ನೋಡಿದವರು ವಿರಳ.

1998ರ ಡಿಸೆಂಬರ್ 11ರಂದು ಫ್ಲಾರಿಡದ ಕೇಪ್ ಕೆನಾವರಲ್ಲಿನಿಂದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ ಮಂಗಳ ಗ್ರಹದ ಹವೆಯನ್ನು ಅಭ್ಯಸಿಸುವುದಕ್ಕಾಗಿ ಹೊರಟಿತು. ಅದನ್ನು ನಿರ್ಮಿಸಿದವರು ಕೊಲೊರಾಡೊ ಸಂಸ್ಥಾನದ ಡೆನ್ವರಿನಲ್ಲಿದ್ದ ಲಾಕ್‌ಹೀಡ್ ಮಾರ್ಟಿನ್ ಸಂಸ್ಥೆಯವರು. ಅದರ ಪಥವನ್ನು ಲೆಕ್ಕಹಾಕಿ ದಾರಿ ತೋರುತ್ತಿದ್ದವರು ಕ್ಯಾಲಿಫೋರ್ನಿಯದ ಪ್ಯಾಸಡೀನದಲ್ಲಿರುವ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ನಾವಿಕ ತಂಡದವರು. ನೌಕೆಯ ಮೈಗೆ ಸೌರಫಲಕವಿದ್ದುದು ಒಂದೇ ಪಾರ್ಶ್ವದಲ್ಲಿ. ಗಾಳಿಯಲ್ಲಿ ಒಂದು ಕೈಯಲ್ಲಿ ಬಿಚ್ಚಿದ ಕೊಡೆ ಹಿಡಿದು ನಡೆಯುವವನ ದೇಹ ಹೇಗೆ ತಿರುಚುವುದೋ ಹಾಗೆ, ಸೂರ್ಯನ ಬೆಳಕಿನ ಅತ್ಯಲ್ಪವಾದ ಒತ್ತಡವೂ ದಿನಗಟ್ಟಲೆ ಬಿದ್ದು ಆ ನೌಕೆಯನ್ನು ತಿರುಗಿಸಲೆತ್ನಿಸುತ್ತಿತ್ತು. ಆ ತಿರುಚನ್ನು ನೌಕೆಯೊಳಗಿನ ಚಕ್ರಗಳು ತಾವೇ ವೇಗವಾಗಿ ಸುತ್ತಿ ಹೀರಿಕೊಳ್ಳುತ್ತಿದ್ದುವು. ಚಕ್ರಗಳ ವೇಗ ಮಿತಿ ಮುಟ್ಟಿದಾಗ ಸಣ್ಣ ಥ್ರಸ್ಟರುಗಳನ್ನು ಕ್ಷಣಕಾಲ ಉರಿಸಿ ಅವುಗಳ ಭಾರವನ್ನು ಇಳಿಸಬೇಕಾಗುತ್ತಿತ್ತು. ಹೀಗೆ ಉರಿಸಿದಾಗಲೆಲ್ಲ ನೌಕೆಯ ಪಥವು ಕೂದಲೆಳೆಯಷ್ಟು ಸರಿಯುವುದು ಅನಿವಾರ್ಯ. ಆದುದರಿಂದ ಪ್ರತಿಯೊಂದು ಉರಿಯ ಬಲವೆಷ್ಟೆಂಬುದನ್ನು ಡೆನ್ವರಿನ ತಂಡದ ಒಂದು ಪ್ರೋಗ್ರಾಮು ಲೆಕ್ಕಹಾಕಿ ಕಡತವೊಂದರಲ್ಲಿ ಬರೆದು ಕಳುಹಿಸುವುದು, ಪ್ಯಾಸಡೀನದ ತಂಡ ಆ ಕಡತವನ್ನು ತನ್ನ ಪಥಗಣನೆಗೆ ಸೇರಿಸಿಕೊಳ್ಳುವುದು ಎಂದು ಏರ್ಪಾಡಾಗಿತ್ತು.

ಆ ಕಡತದಲ್ಲಿ ಸಂಖ್ಯೆಗಳು ನ್ಯೂಟನ್-ಸೆಕೆಂಡುಗಳಲ್ಲಿರತಕ್ಕದ್ದೆಂದು ಎರಡು ತಂಡಗಳ ನಡುವಣ ಒಡಂಬಡಿಕೆಯ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬಂದದ್ದು ಪೌಂಡ್-ಸೆಕೆಂಡುಗಳಲ್ಲಿ. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್; ಆದುದರಿಂದ ಪ್ರತಿ ಉರಿಯ ಪರಿಣಾಮವನ್ನೂ ಪ್ಯಾಸಡೀನದ ಲೆಕ್ಕ ಸುಮಾರು ನಾಲ್ಕೂವರೆಯಲ್ಲೊಂದು ಪಾಲಿನಷ್ಟಾಗಿ ಎಣಿಸಿತು. ಪತ್ರಿಕೆಗಳು ಆಗ ಈ ಒಂದು ಮಾತನ್ನು ಮಾತ್ರ ಹಿಡಿದುಕೊಂಡು, ಶಾಲೆಯ ಹುಡುಗರು ಮಾಡುವ ಮಾನದ ತಪ್ಪಿನಿಂದ ಮಂಗಳನೌಕೆ ಹಾಳಾಯಿತೆಂದು ಬರೆದು ಬಿಟ್ಟುಬಿಟ್ಟುವು. ಇಂದಿಗೂ ಪಾಠ ಹೇಳುವವರು ಅದನ್ನು ಅಷ್ಟಕ್ಕೇ ಮುಗಿಸುತ್ತಾರೆ. ಇದು ಅನ್ಯಾಯವೆಂದು ನನಗೆ ತೋರುತ್ತದೆ. ಮನುಷ್ಯರು ಇರುವಲ್ಲಿ ತಪ್ಪು ಇದ್ದೇ ಇರುತ್ತದೆ. ಒಂಬತ್ತು ತಿಂಗಳ ಕಾಲ ಅಷ್ಟು ಜನ ತಜ್ಞರ ನಡುವೆ ಆ ತಪ್ಪು ಬದುಕಿ ಉಳಿದದ್ದು ಹೇಗೆಂಬುದೇ ಕೇಳತಕ್ಕ ಪ್ರಶ್ನೆ. ನಾಸಾದ ವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದ ಎಡ್ವರ್ಡ್ ವೈಲರ್ ಅವರೂ ಆಗ ತಪ್ಪಿಗಿಂತ ಹೆಚ್ಚಾಗಿ, ತಪ್ಪನ್ನು ಹಿಡಿಯಬೇಕಾಗಿದ್ದ ಪರೀಕ್ಷೆ ಪ್ರತಿಪರೀಕ್ಷೆಗಳ ವೈಫಲ್ಯದ ಕಡೆಗೇ ಬೆರಳು ತೋರಿದ್ದರು.

ಮೊದಲು ಆ ತಪ್ಪು ಹುಟ್ಟಿದ ಬಗೆಯನ್ನು ನೋಡಬೇಕು. ಡೆನ್ವರಿನ ಪ್ರೋಗ್ರಾಮು ಪೂರ್ತಿ ಹೊಸದಾಗಿರಲಿಲ್ಲ. ಅದಕ್ಕೆ ಹಿಂದಿನ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆಗಾಗಿ ಬರೆದಿದ್ದುದೇ ಆಧಾರ. ಆ ಹಳೆಯ ಪ್ರೋಗ್ರಾಮಿನಲ್ಲಿ ಪೌಂಡುಗಳನ್ನು ನ್ಯೂಟನ್ನುಗಳಿಗೆ ತಿರುಗಿಸುವ 4.45 ಎಂಬ ಅಂಶ ಇದ್ದೇ ಇತ್ತು. ಆದರೆ ಅದು ಸಮೀಕರಣದ ಇತರ ಅಂಕಿಗಳ ನಡುವೆ ಸೇರಿಕೊಂಡಿದ್ದು, ಇದು ಇಲ್ಲಿ ಇಂಥ ಕಾರ್ಯಕ್ಕಾಗಿ ಇದೆಯೆಂಬ ಟಿಪ್ಪಣಿ ನೋಡುವವರ ಕಣ್ಣಿಗೆ ಬೀಳುವಂತಿರಲಿಲ್ಲ. ಹೊಸ ನೌಕೆಯ ಥ್ರಸ್ಟರು ಬೇರೆಯಾದುದರಿಂದ, ಅದರ ತಯಾರಕರು ಕೊಟ್ಟ ಹೊಸ ಸಮೀಕರಣವನ್ನು ಹಳೆಯದರ ಸ್ಥಾನದಲ್ಲಿಟ್ಟಾಗ, ಹಳೆಯದರೊಡನೆ ಆ ಪರಿವರ್ತನೆಯ ಅಂಶವೂ ಹೊರಟುಹೋಯಿತು. ಮೊದಲು ಬರೆದಾತ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದ. ತನ್ನ ಅನಂತರ ಬರುವವನೊಬ್ಬನಿರುವನೆಂಬುದೊಂದು ಅವನ ಬರಹದಲ್ಲಿ ಕಾಣಲಿಲ್ಲ. ಒಂದೇ ಒಂದು ಸಾಲಿನ ಟಿಪ್ಪಣಿ ಸಾಕಾಗಿತ್ತು. ಸಹಕಾರವೆಂಬುದು ಎದುರಿಗೆ ಕುಳಿತವರೊಡನೆ ಮಾತ್ರ ನಡೆಯುವ ವ್ಯವಹಾರವೆಂದು ತಿಳಿದವರು ಈ ಸಾಲನ್ನು ಕುರಿತು ಯೋಚಿಸಬೇಕು: ಇನ್ನೂ ಕೆಲಸಕ್ಕೆ ಸೇರದ, ಹೆಸರು ತಿಳಿಯದ ಸಹೋದ್ಯೋಗಿಯೊಬ್ಬನಿಗೂ ನಾವು ಇಂದು ಬರೆಯುವುದರಲ್ಲಿ ಪಾಲಿದೆ.

ಇನ್ನು ಆ ತಪ್ಪು ಉಳಿದ ಬಗೆ. ಉಡಾವಣೆಯಾದ ಮೇಲೆ ಮೊದಲ ನಾಲ್ಕು ತಿಂಗಳು ಡೆನ್ವರಿನ ಕಡತಗಳನ್ನು ಪ್ಯಾಸಡೀನದವರು ಬಳಸಲೇ ಆಗಲಿಲ್ಲ. ಕಡತದ ಆಕಾರದಲ್ಲಿಯೂ ನೌಕೆಯ ನಿಲುವನ್ನು ತಿಳಿಸುವ ಅಂಕಿಗಳಲ್ಲಿಯೂ ದೋಷಗಳಿದ್ದುವು. ಅಷ್ಟುಕಾಲ ಉರಿಗಳ ಸಮಯವನ್ನು ಈಮೇಲಿನಲ್ಲಿ ತರಿಸಿಕೊಂಡು ನಾವಿಕರು ತಮ್ಮ ಲೆಕ್ಕವನ್ನು ತಾವೇ ಹಾಕುತ್ತಿದ್ದರು. 1999ರ ಏಪ್ರಿಲಿನಲ್ಲಿ ಕಡತಗಳು ಸರಿಹೋದುವೆಂದು ಬಳಕೆಗೆ ಬಂದುವು. ಒಂದು ವಾರದೊಳಗಾಗಿ ಅವುಗಳಲ್ಲಿ ಏನೋ ವ್ಯತ್ಯಾಸವಿದೆಯೆಂಬುದು ನಾವಿಕರಿಗೆ ಕಂಡೇ ಕಂಡಿತು. ಈ ಪ್ರಸಂಗದಲ್ಲಿ ನನ್ನ ಮನಸ್ಸನ್ನು ಅತ್ಯಂತ ನೋಯಿಸುವ ಸಂಗತಿ ಇದು. ತಪ್ಪು ಯಾರಿಗೂ ಕಾಣದೆ ಉಳಿದದ್ದಲ್ಲ, ಕಂಡವರಿದ್ದರು, ಕೇಳಿದವರಿದ್ದರು. ಆದರೆ ಕೇಳಿದ್ದು ಈಮೇಲಿನಲ್ಲಿ. ಇಂಥ ವಿಲಕ್ಷಣ ಸಂಗತಿಗಳನ್ನು ದಾಖಲೆಮಾಡಿ, ಉತ್ತರ ದೊರೆಯುವತನಕ ಮುಚ್ಚಗೊಡದೆ, ಒಬ್ಬರ ಹೆಸರಿಗೆ ಹೊಣೆಹೊರಿಸಿ ಇಡುವ ಕ್ರಮಬದ್ಧವಾದ ವರದಿಪದ್ಧತಿಯೊಂದು ಆ ಪ್ರಯೋಗಾಲಯದಲ್ಲಿ ಇತ್ತು, ಅದನ್ನು ಬಳಸಲಿಲ್ಲ. ಈಮೇಲೆಂಬುದು ಓದಿದವನ ಕೈಯಲ್ಲಿ ಮುಗಿದುಹೋಗುವ ಪದಾರ್ಥ. ಆತನಿಗೆ ಅಂದು ಬೇರೆ ಕೆಲಸವಿದ್ದರೆ, ಮರುದಿನ ಅದರ ಮೇಲೆ ಇನ್ನಷ್ಟು ಪತ್ರಗಳು ಬಂದು ಕುಳಿತರೆ, ಸಂದೇಹವು ಸುಳ್ಳೆಂದು ಯಾರೂ ಹೇಳದೆಯೇ, ನಿಜವೆಂದೂ ಯಾರೂ ಒಪ್ಪದೆಯೇ, ಕಾಣೆಯಾಗುತ್ತದೆ.

ಅದೇ ನಾವಿಕ ತಂಡ ಆಗ ಮೂರು ಮಂಗಳನೌಕೆಗಳ ಹೊಣೆಯನ್ನು ಹೊತ್ತಿತ್ತು. ನೌಕೆಯ ವಿನ್ಯಾಸದ ಮುಖ್ಯ ಪರಿಶೀಲನೆಗಳಲ್ಲಿ ಅವರು ಪಾಲ್ಗೊಂಡಿರಲಿಲ್ಲ. ಆದುದರಿಂದ ಈ ನೌಕೆಯೂ ತಾವು ಬಲ್ಲ ಗ್ಲೋಬಲ್ ಸರ್ವೇಯರಿನಂತೆಯೇ ನಡೆದುಕೊಳ್ಳುವುದೆಂದು ಭಾವಿಸಿದ್ದರು. ಅದಕ್ಕಾದರೋ ಫಲಕಗಳು ಎರಡು ಪಾರ್ಶ್ವಗಳಲ್ಲಿಯೂ ಇದ್ದುವು. ಒಂದೇ ಪಾರ್ಶ್ವದ ಫಲಕದಿಂದಾಗಿ ಥ್ರಸ್ಟರುಗಳನ್ನು ಉರಿಸಬೇಕಾದ ಸಂದರ್ಭ ನಾವಿಕರು ನಿರೀಕ್ಷಿಸಿದ್ದುದಕ್ಕಿಂತ ಹತ್ತರಿಂದ ಹದಿನಾಲ್ಕು ಪಟ್ಟು ಹೆಚ್ಚಾಗಿ ಒದಗಿತು. ಸಣ್ಣ ತಪ್ಪು ಅಷ್ಟಷ್ಟು ಸಲ ಸೇರಿ ಬೆಳೆಯಿತು. ನೌಕೆ ಹೀಗೆ ವರ್ತಿಸುವುದೆಂಬ ತಿಳಿವಳಿಕೆ ಡೆನ್ವರಿನಲ್ಲಿ ಇತ್ತು, ಅದು ಬೇಕಾಗಿದ್ದುದು ಪ್ಯಾಸಡೀನದಲ್ಲಿ.

ಸೆಪ್ಟೆಂಬರ್ 15ರಂದು ಪಥದ ಕೊನೆಯ ತಿದ್ದುಪಡಿ ನಡೆದಾಗ, ನೌಕೆ ಮಂಗಳದ ನೆಲದಿಂದ 226 ಕಿಲೋಮೀಟರ್ ಎತ್ತರದಲ್ಲಿ ಹಾಯಬೇಕೆಂಬುದು ಉದ್ದೇಶ. ಅನಂತರದ ವಾರದಲ್ಲಿ ಮತ್ತೆಮತ್ತೆ ಮಾಡಿದ ಲೆಕ್ಕಗಳು ಆ ಎತ್ತರವನ್ನು 150ರಿಂದ 170 ಕಿಲೋಮೀಟರಿಗೂ, ಗ್ರಹ ಸಮೀಪಿಸಿದ ಕೊನೆಯ ದಿನದಲ್ಲಿ 110ಕ್ಕೂ ಇಳಿಸಿದುವು. ಎಂಬತ್ತು ಕಿಲೋಮೀಟರಿಗಿಂತ ಕೆಳಗಿಳಿದರೆ ವಾಯುಮಂಡಲದ ಘರ್ಷಣೆಯನ್ನು ನೌಕೆ ತಡೆಯಲಾರದು. ಐದನೆಯದಾದ ಇನ್ನೊಂದು ತಿದ್ದುಪಡಿಯನ್ನು ಮಾಡಬಹುದೆಂಬ ಮಾತು ಬಂತು, ಚರ್ಚೆಯಾಯಿತು, ಮಾಡಲಿಲ್ಲ. ಸೆಪ್ಟೆಂಬರ್ 23ರಂದು ಮುಖ್ಯ ಎಂಜಿನು ಉರಿಯತೊಡಗಿದ ನಾಲ್ಕೈದು ನಿಮಿಷದೊಳಗೆ ನೌಕೆ ಗ್ರಹದ ಹಿಂಬದಿಗೆ ಸರಿದು ಅದರ ಸಂಕೇತ ನಿಂತಿತು, ಎಣಿಸಿದ್ದುದಕ್ಕಿಂತ 49 ಸೆಕೆಂಡು ಮುಂಚಿತವಾಗಿ, ಮತ್ತೆ ಬರಲಿಲ್ಲ. ಆಮೇಲೆ ಸರಿಯಾದ ಮಾನದಿಂದ ಲೆಕ್ಕಹಾಕಿ ನೋಡಿದಾಗ ಅದು ಹಾಯ್ದ ಎತ್ತರ ಸುಮಾರು 57 ಕಿಲೋಮೀಟರ್. ಈ ನೌಕೆಗೂ, ಅದರ ಹಿಂದೆಯೇ ಹೋಗುತ್ತಿದ್ದ ಜೊತೆಗಾರ ನೌಕೆಗೂ ಸೇರಿ ಅಮೆರಿಕ ವೆಚ್ಚಮಾಡಿದ್ದುದು 32 ಕೋಟಿ 76 ಲಕ್ಷ ಡಾಲರು.

ಆ ಜೊತೆಗಾರ ನೌಕೆಯಾದ ಮಾರ್ಸ್ ಪೋಲಾರ್ ಲ್ಯಾಂಡರಿನ ಕಥೆಯೂ ಬೇರೆಯಲ್ಲ. ಅದು ಅದೇ ವರ್ಷದ ಡಿಸೆಂಬರ್ 3ರಂದು ಇಳಿಯುವಾಗ ಮೌನವಾಯಿತು. ಇಳಿಯುವ ಮುನ್ನ ಕಾಲುಗಳು ಬಿಚ್ಚಿಕೊಳ್ಳುವ ಅದುರಿಗೆ ಅವುಗಳಲ್ಲಿದ್ದ ಸಂವೇದಕಗಳು ನೆಲ ಮುಟ್ಟಿತೆಂಬ ಸುಳ್ಳು ಸಂಕೇತ ಕೊಟ್ಟಿರಬೇಕು, ತಂತ್ರಾಂಶ ಅದನ್ನು ನಂಬಿ ನಲವತ್ತು ಮೀಟರ್ ಎತ್ತರದಲ್ಲಿಯೇ ಎಂಜಿನು ನಿಲ್ಲಿಸಿರಬೇಕು ಎಂಬುದು ವಿಚಾರಣೆ ಮಾಡಿದವರು ಅತ್ಯಂತ ಸಂಭವನೀಯವೆಂದು ಕಂಡುಕೊಂಡ ಕಾರಣ. ಅಂಥ ಸುಳ್ಳು ಸಂಕೇತ ಬರಬಹುದೆಂಬುದು ಕಾಲುಗಳ ವಿಚಾರ ಬಲ್ಲವರಿಗೆ ತಿಳಿದಿತ್ತು; ತಂತ್ರಾಂಶದವರ ಕೈಗೆ ಹೋದ ನಿಬಂಧನೆಯಲ್ಲಿ ಅದರ ವಿವರಣೆ ಇರಲಿಲ್ಲ.

ಮಾರ್ಷಲ್ ಬಾಹ್ಯಾಕಾಶ ಕೇಂದ್ರದ ನಿರ್ದೇಶಕ ಆರ್ಥರ್ ಸ್ಟೀಫೆನ್‌ಸನ್ ಅವರ ಅಧ್ಯಕ್ಷತೆಯ ಮಂಡಲಿ ಆರ್ಬಿಟರಿನ ವಿಚಾರಣೆ ನಡೆಸಿ 1999ರ ನವೆಂಬರ್ 10ರಂದು ಮೊದಲ ವರದಿಯನ್ನಿತ್ತಿತು. ಮಾನದ ತಪ್ಪನ್ನು ಮೂಲಕಾರಣವೆಂದು ಹೆಸರಿಸಿ, ಅದಕ್ಕೆ ಒತ್ತಾಸೆಯಾದ ಎಂಟು ಕಾರಣಗಳನ್ನು ಆ ವರದಿ ಪಟ್ಟಿಮಾಡುತ್ತದೆ. ತಂಡಗಳ ನಡುವೆ ಸಂಪರ್ಕ ಸಾಲದು, ನಾವಿಕರ ಸಂಖ್ಯೆ ಸಾಲದು, ಅವರಿಗೆ ನೌಕೆಯ ಪರಿಚಯ ಸಾಲದು, ತರಬೇತಿ ಸಾಲದು: ಎಂಟರಲ್ಲಿ ಬಹುಪಾಲು ಮನುಷ್ಯರು ಮನುಷ್ಯರೊಡನೆ ಕೂಡಿ ಕೆಲಸಮಾಡುವ ರೀತಿಗೆ ಸಂಬಂಧಪಟ್ಟವು. ಗಣಿತಕ್ಕೆ ಸಂಬಂಧಪಟ್ಟುದು ಅತ್ಯಲ್ಪ.

ಹಾಗಾದರೆ ಜನರನ್ನು ಹೆಚ್ಚಿಸಿದರೆ ಸಾಕಲ್ಲವೆ ಎಂದು ಕೇಳುವವರಿಗೆ ಫ್ರೆಡ್ರಿಕ್ ಬ್ರೂಕ್ಸ್ ಅವರು ಬಹುಹಿಂದೆಯೇ ಉತ್ತರ ಕೊಟ್ಟಿದ್ದಾರೆ. 1960ರ ದಶಕದಲ್ಲಿ ಐಬಿಎಂ ಸಂಸ್ಥೆಯ ಸಿಸ್ಟಮ್ 360 ಗಣಕಗಳಿಗಾಗಿ ಓಎಸ್ 360 ಎಂಬ ಬೃಹತ್ ತಂತ್ರಾಂಶವನ್ನು ಕಟ್ಟಿಸಿದ ಅವರು, ಆ ಅನುಭವವನ್ನು ಅರೆದು 1975ರಲ್ಲಿ ಪ್ರಕಟಿಸಿದ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಗ್ರಂಥದಲ್ಲಿ, ತಡವಾಗಿರುವ ತಂತ್ರಾಂಶದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನೂ ತಡವಾಗುವುದೆಂಬ ತತ್ತ್ವವನ್ನು ಮಂಡಿಸಿದರು. ಇದರ ಹಿಂದಿನ ಗಣಿತ ಸರಳ. ಐದು ಜನರಿದ್ದಲ್ಲಿ ಇಬ್ಬಿಬ್ಬರ ನಡುವಣ ಸಂಬಂಧಗಳು 10. ಹತ್ತು ಜನರಿದ್ದಲ್ಲಿ 45. ಐವತ್ತು ಜನರಿದ್ದಲ್ಲಿ 1,225. ಪ್ರತಿಯೊಂದು ಸಂಬಂಧವೂ ಒಂದು ಸಂಗತಿ ಕಳೆದುಹೋಗಬಹುದಾದ ಸ್ಥಾನ. ಜನ ಐದು ಪಟ್ಟಾದರೆ ಅಂಥ ಸ್ಥಾನಗಳು ಇಪ್ಪತ್ತೇಳು ಪಟ್ಟು ಆಗುತ್ತವೆ. ಆದುದರಿಂದಲೇ ಕೂಡಿ ಕೆಲಸಮಾಡುವ ವಿದ್ಯೆಯನ್ನು ಪ್ರೋಗ್ರಾಮು ಬರೆಯುವ ವಿದ್ಯೆಯಷ್ಟೇ ಶ್ರದ್ಧೆಯಿಂದ ಅಭ್ಯಾಸಮಾಡಬೇಕಾಗುತ್ತದೆ. ಸಂಬಳಕ್ಕೆ ಸೇರಿದ ಮೇಲೆ ತಾನಾಗಿ ಬರುವುದೆಂದು ಬಿಡಲಾಗದು.

ಆ ಅಭ್ಯಾಸಕ್ಕೆ ಮೊದಲ ಅಡ್ಡಿ ಅಹಂಕಾರ. ಜೆರಾಲ್ಡ್ ವೈನ್‌ಬರ್ಗ್ ಅವರು 1971ರಲ್ಲಿ ಪ್ರೋಗ್ರಾಮರರ ಮನೋಧರ್ಮವನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ: ಬರೆದವನು ತನ್ನ ಪ್ರೋಗ್ರಾಮನ್ನು ತನ್ನದೇ ಅಂಗವೆಂದು ಭಾವಿಸಿದಾಗ ಅದರ ದೋಷ ಅವನ ಕಣ್ಣಿಗೆ ಬೀಳುವುದಿಲ್ಲ. ಗಣಕಶಾಸ್ತ್ರದ ಪಿತಾಮಹರಲ್ಲೊಬ್ಬರಾದ ಜಾನ್ ಫಾನ್ ನಾಯ್ಮನ್ ಅವರು ತಾವು ಬರೆದುದನ್ನು ಸಿಕ್ಕಿದವರ ಕೈಗೆಲ್ಲ ಕೊಟ್ಟು ತಪ್ಪು ಹುಡುಕಿಸುತ್ತಿದ್ದರೆಂದು ವೈನ್‌ಬರ್ಗ್ ಸ್ಮರಿಸುತ್ತಾರೆ. ಅಂಥ ಮಹಾಮೇಧಾವಿಗೆ ಸಣ್ಣತನವೆಂದು ತೋರದ ಕಾರ್ಯ ನಮ್ಮಂಥವರಿಗೆ ಏಕೆ ತೋರಬೇಕು? ಐಬಿಎಂನ ಮೈಕೇಲ್ ಫೇಗನ್ ಅವರು 1976ರಲ್ಲಿ ಈ ಅಭ್ಯಾಸಕ್ಕೆ ಒಂದು ಕ್ರಮವನ್ನೇ ಕಟ್ಟಿಕೊಟ್ಟರು. ಪರಿಶೀಲನೆಗೆ ಕೂಡುವ ನಾಲ್ವರಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಪಾತ್ರ: ಸಭೆಯನ್ನು ನಡೆಸುವವರು, ವಿನ್ಯಾಸ ಮಾಡಿದವರು, ಬರೆದವರು, ಪರೀಕ್ಷೆ ಮಾಡುವವರು. ಇಂದು ಪ್ರತಿ ಕಚೇರಿಯಲ್ಲಿಯೂ ನಡೆಯುವ ಕೋಡ್ ರಿವ್ಯೂ ಇದರ ವಂಶದ್ದೇ. ಆದರೆ ಅನೇಕ ಕಡೆಗಳಲ್ಲಿ ಅದು ಬರಿಯ ಆಚಾರವಾಗಿ ಉಳಿದಿದೆಯೆಂಬುದನ್ನು ಹೇಳದಿರಲಾರೆ. ಎಂಟುನೂರು ಸಾಲುಗಳ ಬದಲಾವಣೆ ಸಂಜೆ ಆರಕ್ಕೆ ಬರುತ್ತದೆ, ಆರೂ ಐದಕ್ಕೆ ಚೆನ್ನಾಗಿದೆಯೆಂಬ ಒಪ್ಪಿಗೆ ಬೀಳುತ್ತದೆ, ಮರ್ಜ್ ಆಗುತ್ತದೆ. ಓದದೆ ಕೊಟ್ಟ ಆ ಒಪ್ಪಿಗೆಯನ್ನು ನಾನು ಸೌಜನ್ಯವೆಂದು ಒಪ್ಪುವುದಿಲ್ಲ. ಸಹೋದ್ಯೋಗಿಯ ಶ್ರಮವನ್ನು ಒಂದು ಗಂಟೆಯ ಓದಿಗೂ ಯೋಗ್ಯವಲ್ಲವೆಂದು ತಳ್ಳಿದಂತೆ ಅದು.

ಕರ್ನಾಟಕದವರಿಗೆ ಈ ವಿಷಯ ದೂರದ್ದಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ಕಚೇರಿ ತೆರೆದು ಉಪಗ್ರಹದ ಮೂಲಕ ಹೊರದೇಶದ ಕಚೇರಿಯೊಡನೆ ಕಡತ ವಿನಿಮಯ ಮಾಡತೊಡಗಿದಂದಿನಿಂದ, ಅಲ್ಲಿ ಬರೆದುದನ್ನು ಇಲ್ಲಿ ಓದುವುದು, ಇಲ್ಲಿ ತಿದ್ದಿದುದನ್ನು ಅಲ್ಲಿ ಬಳಸುವುದೇ ಆ ನಗರದ ಬಹುಜನರ ಜೀವನೋಪಾಯವಾಗಿದೆ. ರಾಯಚೂರಿನಿಂದಲೋ ಹಾಸನದಿಂದಲೋ ಬಂದು ಹೊಸದಾಗಿ ಕೆಲಸಕ್ಕೆ ಸೇರಿದ ತರುಣಿಯೊಬ್ಬಳು, ಬೆಳಗಿನ ಸ್ಟ್ಯಾಂಡಪ್ಪಿನಲ್ಲಿ ಹತ್ತು ಜನ ನಿರರ್ಗಳವಾಗಿ ಇಂಗ್ಲಿಷಿನಲ್ಲಿ ತಮ್ಮ ತಮ್ಮ ಕೆಲಸ ಹೇಳಿ ಮುಗಿಸುವಾಗ, ಈ ಕಡತದ ಅಂಕಿ ಯಾವ ಮಾನದಲ್ಲಿದೆಯೆಂದು ಕೇಳಬೇಕೆನಿಸಿದರೂ, ಇಷ್ಟೂ ತಿಳಿಯದೆ ಎಂದಾರೆಂಬ ಸಂಕೋಚದಿಂದ ಸುಮ್ಮನಿದ್ದುಬಿಡುವುದುಂಟು. ಆ ಸುಮ್ಮನಿರುವಿಕೆಯ ಬೆಲೆಯನ್ನು ಯಾವ ಲೆಕ್ಕಪುಸ್ತಕವೂ ಬರೆದಿಡುವುದಿಲ್ಲ. ಅವಳ ಟೀಮ್ ಲೀಡರ್ ಆದವರು, ಪ್ರಶ್ನೆಯಿದ್ದರೆ ಕೇಳಿ ಎಂದು ಹೇಳಿ ಕೈತೊಳೆದುಕೊಂಡರೆ ಸಾಲದು. ತಾವೇ ಎಲ್ಲರ ಎದುರಿನಲ್ಲಿ ಅಂಥ ಸಣ್ಣ ಪ್ರಶ್ನೆಗಳನ್ನು ದಿನವೂ ಕೇಳಬೇಕು, ಅವಳ ಭಾಷೆಯಲ್ಲಿ ಉತ್ತರಿಸಲು ಒಬ್ಬರಿದ್ದರೆ ಅವರನ್ನು ಅವಳ ಪಕ್ಕದಲ್ಲಿ ಕೂರಿಸಬೇಕು.

ಆರ್ಬಿಟರು ನಷ್ಟವಾದ ಹದಿನೈದು ವರ್ಷದ ಮೇಲೆ, 2014ರ ಸೆಪ್ಟೆಂಬರ್ 24ರಂದು, ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ಟ್ರಾಕ್ ಕೇಂದ್ರದಿಂದ ನಡೆಸುತ್ತಿದ್ದ ಮಂಗಳಯಾನ ನೌಕೆ ಮಂಗಳದ ಕಕ್ಷೆಯನ್ನು ಸೇರಿತು. ಅದರ ಸಂಕೇತಗಳನ್ನು ಬ್ಯಾಲಾಳಿನ 32 ಮೀಟರ್ ಆಂಟೆನಾ ಆಲಿಸುತ್ತಿದ್ದಂತೆಯೇ ನಾಸಾದ ಆಂಟೆನಾಗಳೂ ಆಲಿಸುತ್ತಿದ್ದುವು. ಪಥಗಣನೆಗೆ ನೆರವಾದ ಹೊರಗಿನವರು ಪ್ಯಾಸಡೀನದ ಅದೇ ಪ್ರಯೋಗಾಲಯದವರು. ಕಡತಗಳು ಈ ಸಲ ಎರಡು ದೇಶಗಳ ನಡುವೆ ಓಡಾಡಿದುವು, ಎರಡು ತಂಡಗಳ ಲೆಕ್ಕಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡುವುದು ಸಾಧ್ಯವಾಯಿತು. ಸುಮಾರು ಮುನ್ನೂರು ದಿನ ಮಲಗಿದ್ದ ಮುಖ್ಯ ಎಂಜಿನನ್ನು ಎರಡು ದಿನ ಮೊದಲು ನಾಲ್ಕೇ ಸೆಕೆಂಡು ಉರಿಸಿ ಪರೀಕ್ಷಿಸಿದ್ದರು. ಆ ನಾಲ್ಕು ಸೆಕೆಂಡು ನನಗೆ ಬಹಳ ಪ್ರಿಯ: ಸರಿಯಿಲ್ಲವೆಂದು ಸಾಧಿಸುವ ಭಾರವನ್ನು ಸಂದೇಹಪಡುವವನ ತಲೆಯ ಮೇಲೆ ಹಾಕದೆ, ಸರಿಯಿದೆಯೆಂದು ತಾವೇ ಮುಂದಾಗಿ ತೋರಿಸಿಕೊಟ್ಟ ಕಾರ್ಯವದು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೂಡಿ ಕೆಲಸಮಾಡುವ ಈ ವಿದ್ಯೆಗೆ ಎಡೆಯೆಲ್ಲಿ? ಅಲ್ಲಿ ವಿದ್ಯಾರ್ಥಿ ಒಬ್ಬನೇ ಓದಿ, ಒಬ್ಬನೇ ಬರೆದು, ಒಬ್ಬನೇ ಅಂಕ ಪಡೆಯುತ್ತಾನೆ. ಪಕ್ಕದವನ ಹಾಳೆಯನ್ನು ನೋಡುವುದು ಅಪರಾಧ. ಕೊನೆಯ ವರ್ಷದಲ್ಲಿ ಮೂರುನಾಲ್ಕು ಜನರ ಗುಂಪಿಗೊಂದು ಪ್ರಾಜೆಕ್ಟ್ ಕೊಡುತ್ತಾರೆ, ಬಹುಮಟ್ಟಿಗೆ ಒಬ್ಬನು ಬರೆಯುತ್ತಾನೆ, ಉಳಿದವರು ವರದಿ ಬೈಂಡ್ ಮಾಡಿಸುತ್ತಾರೆ. ಇದರ ಬದಲು, ಎರಡನೆಯ ವರ್ಷದಲ್ಲಿಯೇ, ಬೆಳಗಾವಿಯ ಒಂದು ತರಗತಿಗೆ ಪ್ರೋಗ್ರಾಮಿನ ಅರ್ಧವನ್ನೂ ಮೈಸೂರಿನ ಒಂದು ತರಗತಿಗೆ ಉಳಿದರ್ಧವನ್ನೂ ಕೊಡಬಹುದು. ನಡುವೆ ಓಡಾಡುವ ಕಡತದಲ್ಲಿ ಏನೇನು ಯಾವ ಮಾನದಲ್ಲಿರಬೇಕೆಂಬ ಪತ್ರವನ್ನು ಅವರೇ ಬರೆದುಕೊಳ್ಳಲಿ. ಒಂದು ತಿಂಗಳಾದ ಮೇಲೆ ಎರಡು ತರಗತಿಗಳ ಅರ್ಧರ್ಧವನ್ನು ಅದಲುಬದಲು ಮಾಡಿ, ಇವರು ಬರೆದುದನ್ನು ಅವರು, ಅವರು ಬರೆದುದನ್ನು ಇವರು ಮುಂದುವರಿಸಲಿ. ಅಂಕಗಳಲ್ಲಿ ಅರ್ಧವನ್ನು ಪ್ರೋಗ್ರಾಮು ನಡೆಯುವುದಕ್ಕೆ ಇಟ್ಟು, ಉಳಿದರ್ಧವನ್ನು ಒಂದು ಊರಿನವರು ಇನ್ನೊಂದು ಊರಿನವರಿಗೆ ಬರೆದು ಕೇಳಿದ ಪ್ರಶ್ನೆಗಳಿಗೂ, ಆ ಪ್ರಶ್ನೆಗಳಲ್ಲಿ ಉತ್ತರ ಬಾರದೆ ಉಳಿದುದು ಎಷ್ಟೆಂಬುದಕ್ಕೂ ಕೊಡಬೇಕು.